ಒಂದು ದಿನಕ್ಕಾಗಿ ಅಚ್ಚಾದ ಪದ್ಯಗಳು: ಹಳೆಯ ಬಿಡಿ ಹಾಳೆಗಳನ್ನು ಸಂಗ್ರಹಿಸುವವರಿಗೆ ಮಾರ್ಗದರ್ಶಿ

ಮದುವೆ, ಮರಣ, ಪಟ್ಟಾಭಿಷೇಕ, ಪದವಿಪ್ರದಾನ, ಹೊಸವರ್ಷ, ಚುನಾವಣೆ, ಕೊನೆಗೆ ಗಲ್ಲುಶಿಕ್ಷೆಗೂ ಪದ್ಯ ಕಟ್ಟಿ, ಒಂದೇ ಹಾಳೆಯಲ್ಲಿ ಅಚ್ಚು ಹಾಕಿಸಿ, ನೆರೆದವರಿಗೆ ಹಂಚುವ ಅಥವಾ ಬೀದಿಯಲ್ಲಿ ಹಾಡಿ ಮಾರುವ ರೂಢಿ ಯುರೋಪಿನಲ್ಲಿ 16ನೆಯ ಶತಮಾನದಿಂದ 19ನೆಯ ಶತಮಾನದವರೆಗೆ ಬಲವಾಗಿ ಬೇರೂರಿತ್ತು. ಅಲ್ಲಿಂದ ಅದು ಅಮೆರಿಕ ಖಂಡಗಳಿಗೂ ಹಬ್ಬಿತು. ಬ್ರಾಡ್‌ಸೈಡ್ ಎಂದು ಸಂಗ್ರಾಹಕರು ಕರೆಯುವ ಈ ಹಾಳೆಗಳು ಹೆಚ್ಚಾಗಿ ಒಂದೇ ಮಗ್ಗುಲಲ್ಲಿ ಅಚ್ಚಾದವು. ಮೇಲೆ ದಪ್ಪಕ್ಷರದ ಶೀರ್ಷಿಕೆ, ಅದರ ಕೆಳಗೆ ಮರದ ಅಚ್ಚಿನ ಒಂದು ಚಿತ್ರ, ಎರಡು ಅಥವಾ ಹೆಚ್ಚು ಅಂಕಣಗಳಲ್ಲಿ ಪದ್ಯ, ತುದಿಯಲ್ಲಿ ಮುದ್ರಕನ ಹೆಸರು: ಸ್ಥೂಲವಾಗಿ ಇಷ್ಟೇ ಅದರ ಸ್ವರೂಪ.

ಪುಸ್ತಕ ಸಂಗ್ರಹಿಸಿ ಅಭ್ಯಾಸವಿರುವವರು ಈ ಕ್ಷೇತ್ರಕ್ಕೆ ಬಂದಾಗ ಒಂದು ವ್ಯತ್ಯಾಸವನ್ನು ಮೊದಲೇ ಮನಗಾಣಬೇಕು. ಪುಸ್ತಕ ಉಳಿಯಲೆಂದು ಅಚ್ಚಾಗುತ್ತದೆ. ಈ ಹಾಳೆ ಆ ದಿನದ ಕೆಲಸ ಮುಗಿಯುವ ತನಕ ಬಾಳಿದರೆ ಸಾಕೆಂದು ಅಚ್ಚಾದದ್ದು. ಆದ್ದರಿಂದ ಅದರಲ್ಲಿರುವ ಪದ್ಯ ಎಷ್ಟು ಚೆನ್ನಾಗಿದೆ ಎಂಬುದಕ್ಕಿಂತ ಅದು ಯಾರಿಗಾಗಿ, ಯಾವ ದಿನ, ಯಾವ ಊರಿನಲ್ಲಿ, ಯಾರ ಖರ್ಚಿನಲ್ಲಿ ಅಚ್ಚಾಯಿತು ಎಂಬುದು ಮುಖ್ಯವಾಗುತ್ತದೆ. ಪದ್ಯಗಳು ಬಹುಮಟ್ಟಿಗೆ ಸಾಧಾರಣವಾದವು, ಕೆಲವಂತೂ ನಗು ತರಿಸುವಷ್ಟು ಕಳಪೆ. ಪ್ರಾಸ ಸಿಕ್ಕದ ಕಡೆ ವರನ ಹೆಸರನ್ನೇ ಬಗ್ಗಿಸಿದ ಕವಿಗಳಿಗೆ ಕೊರತೆಯಿಲ್ಲ. ಅಂಥ ಹಾಳೆಗೂ ಅದರ ಸಂದರ್ಭ ತಿಳಿದಾಗ ಜೀವ ಬರುತ್ತದೆ, ಸಂದರ್ಭ ಕಳೆದುಹೋದರೆ ಒಳ್ಳೆಯ ಪದ್ಯವಿದ್ದ ಹಾಳೆಯೂ ಅರ್ಧ ಬೆಲೆಯದಾಗುತ್ತದೆ. ಮುಂದೆ ಹೇಳುವ ಹೆಜ್ಜೆಗಳೆಲ್ಲ ಹಾಳೆಯನ್ನೂ ಅದರ ಸಂದರ್ಭವನ್ನೂ ಒಟ್ಟಿಗೆ ಉಳಿಸಿಕೊಳ್ಳುವ ಉದ್ದೇಶದವು.

ಮೊದಲು ಎಲ್ಲೆ ಹಾಕಿಕೊಳ್ಳಿ

ಸಂದರ್ಭದ ಪದ್ಯಗಳ ರಾಶಿ ಅಗಾಧವಾದುದು. ಎಲ್ಲವನ್ನೂ ಕೂಡಿಡುತ್ತೇನೆಂದು ಹೊರಟವರ ಬಳಿ ಕೊನೆಗೆ ಉಳಿಯುವುದು ಒಂದಕ್ಕೊಂದು ಸಂಬಂಧವಿಲ್ಲದ ಕಾಗದದ ಕಂತೆ. ಒಂದು ಸಂದರ್ಭ, ಒಂದು ಊರು, ಒಬ್ಬ ಮುದ್ರಕ ಅಥವಾ ಒಂದು ಕಾಲಘಟ್ಟ, ಇವುಗಳಲ್ಲಿ ಒಂದನ್ನು ಹಿಡಿದು ಆರಂಭಿಸುವುದು ಒಳ್ಳೆಯದು. ಆಯ್ಕೆಗೆ ಅನುಕೂಲವಾಗಲೆಂದು ಮುಖ್ಯ ಬಗೆಗಳನ್ನು ಇಲ್ಲಿ ಪರಿಚಯಿಸುತ್ತೇನೆ.

ಜರ್ಮನ್ ಭಾಷೆಯ ಪ್ರದೇಶಗಳಲ್ಲಿಯೂ ಬಾಲ್ಟಿಕ್ ತೀರದ ನಗರಗಳಲ್ಲಿಯೂ 17ನೆಯ ಶತಮಾನದ ಹೊತ್ತಿಗೆ ಉಳ್ಳವರ ಮನೆಯ ಮದುವೆಗೆ, ಶವಸಂಸ್ಕಾರಕ್ಕೆ ಪದ್ಯ ಬರೆಸುವುದು ಮರ್ಯಾದೆಯ ವಿಷಯವಾಗಿತ್ತು. ಕೋನಿಗ್ಸ್‌ಬರ್ಗ್‌ನ ವಿಶ್ವವಿದ್ಯಾಲಯದಲ್ಲಿ ಪ್ರಾಧ್ಯಾಪಕನಾಗಿದ್ದ ಸಿಮೋನ್ ದಾಖ್ (1605–1659) ಇಂಥ ಪದ್ಯಗಳನ್ನು ಬಹುದೊಡ್ಡ ಸಂಖ್ಯೆಯಲ್ಲಿ ಬರೆದುಕೊಟ್ಟ ಕವಿ. ಇವು ಬಿಡಿ ಹಾಳೆಯಾಗಿಯೂ ಮಡಿಸಿದ ಎರಡು ನಾಲ್ಕು ಎಲೆಗಳಾಗಿಯೂ ಅಚ್ಚಾಗಿ, ಬಂದ ಅತಿಥಿಗಳಿಗಷ್ಟೇ ಸಲ್ಲುತ್ತಿದ್ದುದರಿಂದ ಪ್ರತಿಗಳ ಸಂಖ್ಯೆ ಕಡಿಮೆ. ಇಟಲಿಯಲ್ಲಿ ಮದುವೆಗೆ, ಪದವಿ ಪಡೆದವರಿಗೆ, ಸನ್ಯಾಸಿನಿಯಾಗಿ ಮಠ ಸೇರುವ ಹೆಣ್ಣುಮಕ್ಕಳಿಗೆ ಸಾನೆಟ್ ಬರೆಸಿ ಅಚ್ಚು ಹಾಕಿಸುತ್ತಿದ್ದರು. ಮುಖ್ಯ ಅತಿಥಿಗಳ ಕೆಲವು ಪ್ರತಿಗಳು ರೇಷ್ಮೆ ಬಟ್ಟೆಯ ಮೇಲೆಯೇ ಅಚ್ಚಾಗುತ್ತಿದ್ದವು. ಡೆನ್ಮಾರ್ಕ್‌ನಲ್ಲಿ ಮದುವೆಯ ಬೆಳ್ಳಿಹಬ್ಬ, ಹುಟ್ಟುಹಬ್ಬಗಳಿಗೆ ಪರಿಚಿತ ಧಾಟಿಯಲ್ಲಿ ಹೊಸ ಹಾಡು ಕಟ್ಟಿ, ಅಚ್ಚು ಮಾಡಿಸಿ, ಊಟದ ಮೇಜಿನಲ್ಲಿ ಎಲ್ಲರೂ ಸೇರಿ ಹಾಡುವ ಪದ್ಧತಿ ಇಂದಿಗೂ ಇದೆ. ಆದ್ದರಿಂದ ಅಲ್ಲಿಯ 20ನೆಯ ಶತಮಾನದ ಹಾಳೆಗಳು ಹೊಸಬರಿಗೂ ಕೈಗೆಟಕುವಂಥವು.

ಇವೆಲ್ಲ ಮನೆಯೊಳಗಿನ ಸಂದರ್ಭಗಳು. ಬೀದಿಯ ಸಂದರ್ಭಗಳ ಹಾಳೆಗಳ ಸ್ವಭಾವ ಬೇರೆ. ಲಂಡನ್ನಿನಲ್ಲಿ ರಾತ್ರಿ ಗಸ್ತು ತಿರುಗುವ ಗಂಟೆಯಾಳು ಕ್ರಿಸ್‌ಮಸ್ ಹೊತ್ತಿಗೆ ಪದ್ಯದ ಹಾಳೆಯೊಂದನ್ನು ಮನೆಮನೆಗೆ ಕೊಟ್ಟು ಇನಾಮು ಪಡೆಯುತ್ತಿದ್ದ. ಅಮೆರಿಕದಲ್ಲಿ 18 ಮತ್ತು 19ನೆಯ ಶತಮಾನಗಳ ಪತ್ರಿಕೆ ಹಂಚುವ ಹುಡುಗರು ಹೊಸವರ್ಷದ ದಿನ ಅದನ್ನೇ ಮಾಡುತ್ತಿದ್ದರು. ಆ ಹಾಳೆಗಳಲ್ಲಿ ಹಿಂದಿನ ವರ್ಷದ ಸುದ್ದಿಯೆಲ್ಲ ಪದ್ಯವಾಗಿ ಬಂದು, ಕೊನೆಯ ಸಾಲುಗಳಲ್ಲಿ ಚಳಿ, ಮಳೆ, ಸವೆದ ಬೂಟುಗಳ ವರ್ಣನೆಯೊಂದಿಗೆ ಹುಡುಗನ ಬೇಡಿಕೆ ಮೆಲ್ಲಗೆ ತಲೆಹಾಕುತ್ತದೆ. ಯಾವ ವರ್ಷ, ಯಾವ ಪತ್ರಿಕೆ ಎಂಬುದು ಶೀರ್ಷಿಕೆಯಲ್ಲಿಯೇ ಸಿಗುವ ಕಾರಣ, ಮೊದಲ ಬಾರಿಗೆ ಸಂಗ್ರಹಕ್ಕಿಳಿಯುವವರಿಗೆ ನಾನು ಸೂಚಿಸುವುದು ಈ ಹೊಸವರ್ಷದ ಹಾಳೆಗಳನ್ನೇ. ಮೆಕ್ಸಿಕೋದಲ್ಲಿ ಸತ್ತವರ ಹಬ್ಬಕ್ಕೆಂದು ಅಗ್ಗದ ಬಣ್ಣದ ಕಾಗದದಲ್ಲಿ ಅಚ್ಚಾಗುತ್ತಿದ್ದ ಕಲಾವೇರಾ ಪದ್ಯಗಳು ಬದುಕಿರುವ ದೊಡ್ಡ ಮನುಷ್ಯರನ್ನು ಸತ್ತವರೆಂದು ಕಲ್ಪಿಸಿಕೊಂಡು ಅಣಕಿಸುತ್ತವೆ. ಮುದ್ರಕ ಅಂತೋನಿಯೋ ವಾನೇಗಾಸ್ ಅರ್ರೋಯೋನ ಅಚ್ಚುಕೂಟಕ್ಕಾಗಿ ಹೊಸೆ ಗ್ವಾದಲೂಪೆ ಪೊಸಾದಾ (1852–1913) ಕೆತ್ತಿದ ಅಸ್ಥಿಪಂಜರದ ಚಿತ್ರಗಳಿಂದಾಗಿ ಅವು ಜಗತ್ಪ್ರಸಿದ್ಧವಾದವು.

ಇನ್ನು ಇಂಗ್ಲೆಂಡಿನ ಗಲ್ಲುಶಿಕ್ಷೆಯ ಹಾಳೆಗಳು. ಅಪರಾಧಿಯ ಕಡೆಯ ಮಾತು, ಪಶ್ಚಾತ್ತಾಪದ ಪದ್ಯ ಎಂದು ಹೇಳಿಕೊಂಡು ಇವು ಗಲ್ಲುಗಂಬದ ಬುಡದಲ್ಲಿಯೇ ಮಾರಾಟವಾಗುತ್ತಿದ್ದವು. ಆ ಕಡೆಯ ಮಾತು ಆಡುವುದಕ್ಕೆ ಮೊದಲೇ ಅಚ್ಚಾಗಿರುತ್ತಿತ್ತೆಂಬುದು ಬೇರೆ ವಿಷಯ. 1849ರ ಎರಡು ಕೊಲೆ ಪ್ರಕರಣಗಳ, ಅಂದರೆ ರಷ್ ಪ್ರಕರಣ ಮತ್ತು ಮ್ಯಾನಿಂಗ್ ದಂಪತಿಯ ಪ್ರಕರಣಗಳ ಹಾಳೆಗಳು ತಲಾ 25 ಲಕ್ಷ ಮಾರಾಟವಾದವೆಂಬ ಲೆಕ್ಕವನ್ನು ಪತ್ರಕರ್ತ ಹೆನ್ರಿ ಮೇಹ್ಯೂ ಬರೆದಿಟ್ಟಿದ್ದಾನೆ. 1868ರಲ್ಲಿ ಬಹಿರಂಗ ಗಲ್ಲುಶಿಕ್ಷೆ ನಿಂತುಹೋದ ಮೇಲೆ ಈ ಬಗೆಯೂ ಸೊರಗಿತು. ಲಕ್ಷಗಟ್ಟಲೆ ಅಚ್ಚಾಯಿತು ಎಂದ ಮಾತ್ರಕ್ಕೆ ಸುಲಭವಾಗಿ ಸಿಗುತ್ತದೆ ಎಂದು ತಿಳಿಯಬಾರದು. ಅಗ್ಗದ ಹಾಳೆ ಪೊಟ್ಟಣ ಕಟ್ಟಲು, ಒಲೆ ಹೊತ್ತಿಸಲು ಹೋಯಿತು. ಐವತ್ತು ಪ್ರತಿ ಮಾತ್ರ ಅಚ್ಚಾದ ಮದುವೆಯ ಪದ್ಯ ಮನೆಯವರ ಪೆಟ್ಟಿಗೆಯಲ್ಲಿ ಉಳಿದುಬಂತು ಎಂಬಂಥದು ಇಲ್ಲಿ ಸಹಜ.

ಕೊಳ್ಳುವ ಮುನ್ನ ನೋಡಿ ಕಣ್ಣು ಪಳಗಿಸಿಕೊಳ್ಳಿ

ಎಲ್ಲೆ ಗೊತ್ತಾದ ಮೇಲೆಯೂ ಕೊಳ್ಳಲು ಅವಸರ ಬೇಡ. ದೊಡ್ಡ ಗ್ರಂಥಾಲಯಗಳು ತಮ್ಮ ಹಾಳೆಗಳನ್ನು ಅಂತರ್ಜಾಲದಲ್ಲಿ ಉಚಿತವಾಗಿ ತೆರೆದಿಟ್ಟಿವೆ. ಆಕ್ಸ್‌ಫರ್ಡ್‌ನ ಬಾಡ್ಲಿಯನ್ ಗ್ರಂಥಾಲಯದ ಬ್ಯಾಲಡ್ (ಬೀದಿ ಹಾಡು) ಸಂಗ್ರಹದಲ್ಲಿ ಸುಮಾರು 30,000 ಹಾಳೆಗಳಿವೆ. ಸ್ಕಾಟ್ಲೆಂಡಿನ ರಾಷ್ಟ್ರೀಯ ಗ್ರಂಥಾಲಯ ಸುಮಾರು 1,800 ಹಾಳೆಗಳನ್ನು ವಿವರಣೆಯೊಂದಿಗೆ ಕೊಟ್ಟಿದೆ. ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದ ಸಾಂಟಾ ಬಾರ್ಬರಾ ಕೇಂದ್ರ 17ನೆಯ ಶತಮಾನದ ಇಂಗ್ಲಿಷ್ ಹಾಳೆಗಳಿಗೇ ಮೀಸಲಾದ ಭಂಡಾರವೊಂದನ್ನು ಕಟ್ಟಿದೆ. ಪತ್ರಿಕೆ ಹುಡುಗರ ಹೊಸವರ್ಷದ ಪದ್ಯಗಳಿಗೆ ಬ್ರೌನ್ ವಿಶ್ವವಿದ್ಯಾಲಯದ ಸಂಗ್ರಹವನ್ನು ನೋಡಬೇಕು. ನಿಮ್ಮ ಬಗೆಯ ಹಾಳೆಗಳನ್ನು ಇಲ್ಲಿ ದಿನವೂ ಸ್ವಲ್ಪ ಸ್ವಲ್ಪ ನೋಡುತ್ತಾ ಹೋದರೆ, ಯಾವ ಕಾಲದಲ್ಲಿ ಅಕ್ಷರ ಹೇಗಿತ್ತು, ಅಂಚಿನ ಅಲಂಕಾರ ಹೇಗಿತ್ತು, ಹಾಳೆಯ ಅಳತೆ ಎಷ್ಟಿತ್ತು ಎಂಬುದು ಯಾರೂ ಹೇಳಿಕೊಡದೆ ಮನಸ್ಸಿನಲ್ಲಿ ಕೂರುತ್ತದೆ. ಸಾಧ್ಯವಾದರೆ ಯಾವುದಾದರೊಂದು ಗ್ರಂಥಾಲಯದಲ್ಲಿ ಅನುಮತಿ ಪಡೆದು ಕೆಲವು ಮೂಲ ಹಾಳೆಗಳನ್ನು ಕೈಯಲ್ಲಿ ಹಿಡಿದು ನೋಡಿ. ಚಿತ್ರದಲ್ಲಿ ಕಾಣದ ಕಾಗದದ ದಪ್ಪ, ಅದರ ಸದ್ದು, ಅಚ್ಚಿನ ಒತ್ತು ಕೈಗೆ ತಿಳಿಯುವುದು ಆಗ ಮಾತ್ರ.

ಹಾಳೆ ಸಿಗುವ ಜಾಗಗಳು

ಹಳೆಯ ಕಾಗದದ ವಸ್ತುಗಳನ್ನೇ ಮಾರುವ ವ್ಯಾಪಾರಿಗಳು, ಹಳೆಯ ಪುಸ್ತಕಗಳ ಮೇಳಗಳು, ಹರಾಜು ಸಂಸ್ಥೆಗಳು ಎಲ್ಲರಿಗೂ ಗೊತ್ತಿರುವ ಮೂಲಗಳು. ಹರಾಜಿನಲ್ಲಿ ಬಿಡಿಯಾಗಿ ಬರುವ ಹಾಳೆಗಿಂತ, ಬಗೆಬಗೆಯ ಕಾಗದಗಳನ್ನು ಒಟ್ಟುಗೂಡಿಸಿ ಮಾರುವ ಕಟ್ಟುಗಳ ಮೇಲೆ ಕಣ್ಣಿಡಿ. ಪತ್ರ, ರಸೀದಿ, ಆಮಂತ್ರಣಗಳ ನಡುವೆ ಪದ್ಯದ ಹಾಳೆಯೊಂದು ವಿವರಣೆಯಲ್ಲಿ ಹೆಸರಿಲ್ಲದೆ ಕುಳಿತಿರುತ್ತದೆ, ಅದರ ಸುತ್ತಲಿನ ಕಾಗದಗಳೇ ಅದರ ಸಂದರ್ಭಕ್ಕೆ ಸಾಕ್ಷಿಯಾಗಿರುತ್ತವೆ. ಅಂಥ ಕಟ್ಟನ್ನು ಕೊಂಡಾಗ ಬೇಡವೆನಿಸಿದ ರಸೀದಿಗಳನ್ನು ಕೂಡಲೇ ಬಿಸಾಡಬೇಡಿ. ಅಚ್ಚು ಹಾಕಿಸಿದ ಖರ್ಚಿನ ಚೀಟಿ ಅದರಲ್ಲಿಯೇ ಇರಬಹುದು. ಹಳೆಯ ದೊಡ್ಡ ಪುಸ್ತಕಗಳ ರಟ್ಟಿನ ಒಳಮಗ್ಗುಲು, ಮನೆತನದ ಬೈಬಲ್ಲಿನ ಪುಟಗಳ ನಡುವಿನ ಜಾಗ, ಅಂಟಿಸಿ ತುಂಬಿದ ಹಳೆಯ ಆಲ್ಬಮ್ಮುಗಳು ಇಂಥ ಹಾಳೆಗಳ ಅಡಗುತಾಣಗಳು.

ಎರಡು ವಿಷಯದಲ್ಲಿ ಕಟ್ಟುನಿಟ್ಟಾಗಿರಬೇಕು. ಹಾಳೆಗಳನ್ನು ಹಿಂದೆಯೇ ಯಾರೋ ಒಟ್ಟುಗೂಡಿಸಿ ಬೈಂಡು ಮಾಡಿಸಿದ ಸಂಪುಟ ಸಿಕ್ಕರೆ ಅದನ್ನು ಬಿಡಿಸಿ ಹಾಳೆಗಳನ್ನು ಬೇರ್ಪಡಿಸಬಾರದು, ಹಾಗೆ ಬಿಡಿಸಿ ಮಾರುವವರಿಂದ ಕೊಳ್ಳಲೂಬಾರದು. ಯಾವ ಹಾಳೆಯ ಪಕ್ಕದಲ್ಲಿ ಯಾವುದು ಇತ್ತೆಂಬುದೂ ಒಂದು ಮಾಹಿತಿಯೇ. ಎರಡನೆಯದು ಕಳವಿನ ಮಾಲು. ಬಿಡಿ ಹಾಳೆಯನ್ನು ಗ್ರಂಥಾಲಯದಿಂದ ಮಡಿಸಿಕೊಂಡು ಹೊರಗೆ ತರುವುದು ಸುಲಭವಾದ್ದರಿಂದ ಈ ಕ್ಷೇತ್ರದಲ್ಲಿ ಅದರ ಅಪಾಯ ಹೆಚ್ಚು. ಹಾಳೆಯನ್ನು ಬೆಳಕಿಗೆ ಹಿಡಿದಾಗ ಒಂದು ಮೂಲೆಯಲ್ಲಿ ದುಂಡಗೆ ಅಥವಾ ಅಂಡಾಕಾರದಲ್ಲಿ ಕಾಗದ ತೆಳುವಾಗಿ ಕಂಡರೆ ಅಲ್ಲಿದ್ದ ಗ್ರಂಥಾಲಯದ ಮುದ್ರೆಯನ್ನು ಕೆರೆದಿರುವ ಸಾಧ್ಯತೆಯಿದೆ. ಹಿಂದಿನ ಒಡೆಯ ಯಾರು, ಎಲ್ಲಿಂದ ಬಂತು ಎಂದು ಕೇಳಿ, ಉತ್ತರವನ್ನು ಬರವಣಿಗೆಯಲ್ಲಿಯೇ ಪಡೆಯಿರಿ. ವಿದೇಶದಿಂದ ತರಿಸುವುದಾದರೆ ಆ ದೇಶದಲ್ಲಿ ಹಳೆಯ ಮುದ್ರಿತ ವಸ್ತುಗಳ ರಫ್ತಿಗೆ ಪರವಾನಗಿ ಬೇಕೇ ಎಂಬುದನ್ನು ಹಣ ಕೊಡುವ ಮೊದಲು ವಿಚಾರಿಸಬೇಕು.

ಕಾಲವನ್ನೂ ಅಸಲಿತನವನ್ನೂ ಪರೀಕ್ಷಿಸುವುದು

ಸಂಗ್ರಾಹಕನ ನಿಜವಾದ ಕೆಲಸ ಇಲ್ಲಿ ಆರಂಭವಾಗುತ್ತದೆ. ಒಂದು ಭೂತಗನ್ನಡಿ, ಒಂದು ಅಳತೆಪಟ್ಟಿ, ಹಿಂದಿನಿಂದ ಬೆಳಕು ಹಾಯಿಸಲು ಒಂದು ದೀಪ, ಒಂದು ಸಣ್ಣ ಅತಿನೇರಳೆ ಟಾರ್ಚು ಇದ್ದರೆ ಸಾಕು.

ಕಾಗದದಿಂದ ತೊಡಗಿ. ಹಾಳೆಯನ್ನು ಬೆಳಕಿಗೆ ಅಡ್ಡ ಹಿಡಿದರೆ ಹಳೆಯ ಕೈತಯಾರಿ ಕಾಗದದಲ್ಲಿ ಒತ್ತೊತ್ತಾದ ಸಣ್ಣ ಗೆರೆಗಳೂ, ಅವುಗಳಿಗೆ ಅಡ್ಡಲಾಗಿ ಸುಮಾರು 25 ಮಿಲಿಮೀಟರಿಗೊಂದರಂತೆ ದೂರದೂರದ ಗೆರೆಗಳೂ ಕಾಣುತ್ತವೆ. ಕಾಗದ ಎತ್ತುವ ಜರಡಿಯ ತಂತಿಗಳ ಗುರುತು ಅವು. ಈ ಗೆರೆಗಳಿಲ್ಲದ ಸಮತಟ್ಟಾದ ಕಾಗದ ಇಂಗ್ಲೆಂಡಿನ ಪುಸ್ತಕ ಮುದ್ರಣಕ್ಕೆ ಬಂದದ್ದು 1757ರಲ್ಲಿ, ಸಾಮಾನ್ಯ ಬೀದಿ ಹಾಳೆಗಳವರೆಗೆ ಇಳಿದದ್ದು 1800ರ ಆಚೆಗೆ. ಆದ್ದರಿಂದ 1680ರ ಹಾಳೆ ಎಂದು ಹೇಳಿ ಗೆರೆಯಿಲ್ಲದ ಕಾಗದ ತೋರಿಸಿದರೆ ಅಲ್ಲಿಗೇ ಮಾತು ನಿಲ್ಲಿಸಬಹುದು. ಬಟ್ಟೆಯ ಚಿಂದಿಯಿಂದ ಮಾಡಿದ ಕಾಗದ ಮುನ್ನೂರು ವರ್ಷವಾದರೂ ಬಾಗುತ್ತದೆ. 19ನೆಯ ಶತಮಾನದ ಎರಡನೆಯ ಅರ್ಧದಲ್ಲಿ ಹರಡಿದ ಮರದ ತಿರುಳಿನ ಕಾಗದ ಕಂದುಬಣ್ಣಕ್ಕೆ ತಿರುಗಿ ಅಂಚಿನಲ್ಲಿ ಪುಡಿಯಾಗುತ್ತದೆ. ಎರಡರಲ್ಲಿ ಹಳೆಯದು ಹೆಚ್ಚು ಗಟ್ಟಿ ಎಂಬುದು ಹೊಸಬರಿಗೆ ಸೋಜಿಗವೆನಿಸುತ್ತದೆ. ಕತ್ತಲೆಯಲ್ಲಿ ಅತಿನೇರಳೆ ಬೆಳಕು ಬಿಟ್ಟಾಗ ಇಡೀ ಹಾಳೆ ನೀಲಿಬಿಳುಪಾಗಿ ಹೊಳೆದರೆ ಅದರಲ್ಲಿ ಕಾಗದವನ್ನು ಬೆಳ್ಳಗೆ ತೋರಿಸುವ ಆಧುನಿಕ ರಾಸಾಯನಿಕವಿದೆ ಎಂದರ್ಥ; ಅಂಥ ಕಾಗದ ಬಳಕೆಗೆ ಬಂದದ್ದು ಸುಮಾರು 1950ರಿಂದ.

ಅನಂತರ ಅಚ್ಚು. ಸೀಸದ ಅಚ್ಚುಮೊಳೆಗಳಿಂದ ಒತ್ತಿದ ಅಕ್ಷರ ಕಾಗದದೊಳಕ್ಕೆ ಸ್ವಲ್ಪ ಇಳಿದಿರುತ್ತದೆ. ಹಾಳೆಯ ಬೆನ್ನಿನ ಮೇಲೆ ಬೆರಳ ತುದಿಯನ್ನು ಹಗುರವಾಗಿ ಆಡಿಸಿದರೆ ಸಾಲುಗಳ ಉಬ್ಬು ತಿಳಿಯುತ್ತದೆ, ಓರೆ ಬೆಳಕಿನಲ್ಲಿ ಇನ್ನೂ ಚೆನ್ನಾಗಿ ಕಾಣುತ್ತದೆ. ಭೂತಗನ್ನಡಿಯಲ್ಲಿ ಅಕ್ಷರದ ಅಂಚಿನುದ್ದಕ್ಕೂ ಒತ್ತಡಕ್ಕೆ ಹೊರಸರಿದ ಶಾಯಿಯ ತೆಳು ಏರಿ ಕಾಣಸಿಗುತ್ತದೆ. ಸ್ಮರಣಾರ್ಥ ಮರುಮುದ್ರಣಗಳಲ್ಲಿ ಇದಾವುದೂ ಇರುವುದಿಲ್ಲ. ಅಲ್ಲಿ ಅಕ್ಷರ ಕಾಗದದ ಮೇಲೆ ಸಪಾಟಾಗಿ ಕೂತಿರುತ್ತದೆ, ಬೂದು ಭಾಗಗಳು ಸಣ್ಣ ಚುಕ್ಕಿಗಳಾಗಿ ಒಡೆಯುತ್ತವೆ. ಇನ್ನೊಂದು ಪರೀಕ್ಷೆ ಇವೆಲ್ಲಕ್ಕಿಂತ ಸರಳ: ಹಾಳೆಯ ನಡುವೆ ಮಡಿಕೆಯ ಕಪ್ಪು ಗೆರೆ ಕಾಣುತ್ತಿದ್ದರೆ ಅದರ ಮೇಲೆ ಬೆರಳಿಡಿ. ಕಣ್ಣಿಗೆ ಮಡಿಕೆ ಕಾಣುತ್ತದೆ, ಬೆರಳಿಗೆ ಏನೂ ತಗಲುವುದಿಲ್ಲ ಎಂದಾದರೆ, ಮೂಲ ಹಾಳೆಯ ಮಡಿಕೆಯೂ ಕಲೆಯೂ ಫೋಟೋದೊಂದಿಗೆ ಅಚ್ಚಾಗಿ ಬಂದಿವೆ.

ಅಕ್ಷರದ ರೂಪವೂ ಕಾಲವನ್ನು ಹೇಳುತ್ತದೆ, ಆದರೆ ದೇಶ ನೋಡಿ ಮಾತಾಡಬೇಕು. ಇಂಗ್ಲಿಷ್ ಬೀದಿ ಹಾಡುಗಳಲ್ಲಿ ದಪ್ಪ ಗೋಥಿಕ್ ಅಕ್ಷರ 17ನೆಯ ಶತಮಾನದ ಕೊನೆಯವರೆಗೆ ನಡೆಯಿತು. ಎಫ್ ಅಕ್ಷರವನ್ನು ಹೋಲುವ ಉದ್ದ ಎಸ್ 1800ರ ಆಸುಪಾಸಿನಲ್ಲಿ ಮಾಯವಾಯಿತು. ಇದೇ ಸೂತ್ರವನ್ನು ಜರ್ಮನ್ ಹಾಳೆಗಳಿಗೆ ಹಚ್ಚಿದರೆ ಕೆಡುತ್ತದೆ, ಅಲ್ಲಿ ಗೋಥಿಕ್ ಬಗೆಯ ಅಕ್ಷರಗಳು 20ನೆಯ ಶತಮಾನದಲ್ಲಿಯೂ ಮುಂದುವರಿದವು.

ಚಿತ್ರವನ್ನು ಮಾತ್ರ ನಂಬಬೇಡಿ. ಮರದ ಅಚ್ಚು ಮುದ್ರಕನ ಆಸ್ತಿ. ಒಮ್ಮೆ ಕೆತ್ತಿಸಿದ ಹಡಗನ್ನೋ ಪ್ರೇಮಿಗಳ ಜೋಡಿಯನ್ನೋ ಅವನು ದಶಕಗಟ್ಟಲೆ ಸಿಕ್ಕಸಿಕ್ಕ ಹಾಡಿನ ತಲೆಗೆ ಹಾಕುತ್ತಿದ್ದ, ಅವನ ಕಾಲಾನಂತರ ಅಚ್ಚು ಇನ್ನೊಬ್ಬನ ಕೈಸೇರುತ್ತಿತ್ತು. ಆದ್ದರಿಂದ ಚಿತ್ರದಲ್ಲಿರುವ ಉಡುಪು ಹಾಳೆಗಿಂತ ಐವತ್ತು ವರ್ಷ ಹಳೆಯದಾಗಿರಬಹುದು. ಪೊಸಾದಾನ ಅಚ್ಚುಗಳೂ ಅವನು ತೀರಿಕೊಂಡ ಮೇಲೆ ಮತ್ತೆ ಮತ್ತೆ ಬಳಕೆಯಾದ್ದರಿಂದ, ಅವನ ಚಿತ್ರವಿದೆ ಎಂಬುದು ಹಾಳೆ 1913ಕ್ಕಿಂತ ಹಿಂದಿನದೆಂಬುದಕ್ಕೆ ಪುರಾವೆಯಲ್ಲ. ಆದರೆ ಅಚ್ಚಿನ ಸವೆತ ಉಪಯೋಗಕ್ಕೆ ಬರುತ್ತದೆ. ಒಂದೇ ಚಿತ್ರವಿರುವ ಎರಡು ಹಾಳೆಗಳಲ್ಲಿ ಒಂದರ ಚೌಕಟ್ಟಿನ ಗೆರೆ ಇಡಿಯಾಗಿದ್ದು ಇನ್ನೊಂದರಲ್ಲಿ ಬಿರುಕು ಬಿಟ್ಟಿದ್ದರೆ, ಬಿರುಕಿರುವುದು ಅನಂತರದ್ದು.

ಎಲ್ಲಕ್ಕಿಂತ ಖಚಿತವಾದ ಸುಳಿವು ಹಾಳೆಯ ತುದಿಯಲ್ಲಿರುವ ಮುದ್ರಕನ ವಿಳಾಸ. ಲಂಡನ್ನಿನ ಸೆವೆನ್ ಡಯಲ್ಸ್ ಪ್ರದೇಶ 19ನೆಯ ಶತಮಾನದ ಬೀದಿ ಹಾಡುಗಳ ಕೇಂದ್ರ. ಅಲ್ಲಿ ಜಾನ್ ಪಿಟ್ಸ್ ಎಂಬ ಮುದ್ರಕ ಮೊದಲು ಗ್ರೇಟ್ ಸೇಂಟ್ ಆಂಡ್ರ್ಯೂ ಬೀದಿಯ 14ನೆಯ ನಂಬರಿನಲ್ಲಿದ್ದು, 1819ರ ಹೊತ್ತಿಗೆ ಅದೇ ಬೀದಿಯ 6ನೆಯ ನಂಬರಿಗೆ ಹೋದ. ಹಾಗಾಗಿ ಹಾಳೆಯಲ್ಲಿ ತಾರೀಖು ಇಲ್ಲದಿದ್ದರೂ ಮನೆ ನಂಬರು ನೋಡಿಯೇ ಅದು 1819ಕ್ಕೆ ಹಿಂದಿನದೋ ಮುಂದಿನದೋ ಎಂದು ಹೇಳಬಹುದು. ತಾನು ಆಟಿಕೆ, ಗೋಲಿಗಳ ಸಗಟು ವ್ಯಾಪಾರಿಯೂ ಹೌದೆಂದು ಅವನು ಹಾಡಿನ ಕೆಳಗೇ ಅಚ್ಚು ಹಾಕಿಕೊಳ್ಳುತ್ತಿದ್ದ. ಅವನ ಪ್ರತಿಸ್ಪರ್ಧಿ ಜೇಮ್ಸ್ ಕ್ಯಾಟ್ನಾಕ್ 1813ರಲ್ಲಿ ಮನ್‌ಮತ್ ಕೋರ್ಟ್‌ನಲ್ಲಿ ಅಚ್ಚುಕೂಟ ತೆರೆದು 1838ರಲ್ಲಿ ನಿವೃತ್ತನಾದ. ಅದೇ ವಿಳಾಸದಲ್ಲಿ ಅನಂತರ ಬೇರೆ ಹೆಸರುಗಳು ಕಾಣಿಸಿಕೊಳ್ಳುತ್ತವೆ. ನೀವು ಆರಿಸಿಕೊಂಡ ಊರಿನ ಮುದ್ರಕರ ವಿಳಾಸಗಳ ಇಂಥದೊಂದು ಪಟ್ಟಿಯನ್ನು ನೀವೇ ಬೆಳೆಸುತ್ತಾ ಹೋದರೆ ಕೆಲವು ವರ್ಷಗಳಲ್ಲಿ ಅದು ಯಾವ ವ್ಯಾಪಾರಿಯ ಬಳಿಯೂ ಇಲ್ಲದ ಉಪಕರಣವಾಗುತ್ತದೆ. ಹಾಳೆಯ ತಳಭಾಗವನ್ನು ಕತ್ತರಿಸಿಹಾಕಿದ ಪ್ರತಿಗಳನ್ನು ನಾನು ಸಾಮಾನ್ಯವಾಗಿ ಕೊಳ್ಳಲು ಹೇಳದಿರುವುದು ಇದೇ ಕಾರಣಕ್ಕೆ. ನಡುವೆ ಹರಿದಿದ್ದರೂ ಪರವಾಗಿಲ್ಲ, ತುದಿಯ ಸಾಲು ಇರಬೇಕು.

ತಾರೀಖು ಓದುವಾಗ ಎಚ್ಚರ

ಹಾಳೆಯಲ್ಲಿ ತಾರೀಖು ಅಚ್ಚಾಗಿದ್ದರೂ ಅದನ್ನು ಇದ್ದಂತೆ ತೆಗೆದುಕೊಳ್ಳಲಾಗದು. ಇಂಗ್ಲೆಂಡಿನಲ್ಲಿ ಹಳೆಯ ಪಂಚಾಂಗದ ಪ್ರಕಾರ ವರ್ಷ ಬದಲಾಗುತ್ತಿದ್ದುದು ಮಾರ್ಚ್ 25ರಂದು. 1752ರ ಸುಧಾರಣೆಯ ಮೊದಲಿನ ಹಾಳೆಯೊಂದರಲ್ಲಿ ಫೆಬ್ರವರಿ 1688 ಎಂದಿದ್ದರೆ ನಮ್ಮ ಲೆಕ್ಕದಲ್ಲಿ ಅದು ಫೆಬ್ರವರಿ 1689 ಆಗಿರಬಹುದು. ಜರ್ಮನಿಯ ಪ್ರೊಟೆಸ್ಟೆಂಟ್ ಪ್ರಾಂತ್ಯಗಳು 1700ರವರೆಗೆ ಹಳೆಯ ಪಂಚಾಂಗದಲ್ಲಿಯೇ ಇದ್ದುದರಿಂದ ನೆರೆಯ ಎರಡು ಊರುಗಳ ತಾರೀಖುಗಳ ನಡುವೆ ಹತ್ತು ದಿನದ ಅಂತರ ಬರುತ್ತದೆ.

17–18ನೆಯ ಶತಮಾನದ ಲ್ಯಾಟಿನ್ ಹಾಳೆಗಳಲ್ಲಿ ವರ್ಷವನ್ನು ಒಗಟಿನಂತೆ ಅಡಗಿಸುವ ಚಾಳಿಯೂ ಇತ್ತು. ಶೀರ್ಷಿಕೆಯ ನಡುನಡುವೆ ಕೆಲವು ಅಕ್ಷರಗಳು ಕಾರಣವಿಲ್ಲದೆ ದೊಡ್ಡದಾಗಿ ಕಂಡರೆ ಮುದ್ರಣದೋಷವೆಂದು ದಾಟಿಹೋಗಬೇಡಿ. ರೋಮನ್ ಅಂಕಿಗಳಾಗಿ ಅವುಗಳನ್ನು ಕೂಡಿದರೆ ವರ್ಷ ಸಿಗುತ್ತದೆ. ಸ್ವೀಡನ್ನಿನ ದೊರೆ ಗುಸ್ತಾವ್ ಅಡೋಲ್ಫನ ಪದಕವೊಂದರ ಮೇಲಿನ 'ಕ್ರಿಸ್ತುಸ್ ದುಕ್ಸ್ ಎರ್ಗೊ ತ್ರಿಉಂಫುಸ್' (ChrIstVs DVX ergo trIVMphVs; ಇಲ್ಲಿ ಉ ಸ್ವರಕ್ಕೂ ವಿ ಅಕ್ಷರವೇ) ಎಂಬ ಲ್ಯಾಟಿನ್ ವಾಕ್ಯ ಇದರ ಪ್ರಸಿದ್ಧ ಉದಾಹರಣೆ: ಅದರಲ್ಲಿ ಎಂ 1000, ಡಿ 500, ಸಿ 100, ಎಕ್ಸ್ 10, ನಾಲ್ಕು ವಿ ಸೇರಿ 20, ಎರಡು ಐ ಸೇರಿ 2, ಒಟ್ಟು 1632. ಮದುವೆಯ, ಸಾವಿನ ಪದ್ಯಗಳ ಕವಿಗಳು ಇದೇ ಕಸರತ್ತನ್ನು ವಧೂವರರ, ಮೃತರ ಹೆಸರಿನೊಂದಿಗೆ ಹೆಣೆಯುತ್ತಿದ್ದರು.

ದಾಖಲೆ ಬರೆಯುವುದು

ಹಾಳೆ ಮನೆಗೆ ಬಂದ ದಿನವೇ ಅದರ ದಾಖಲೆ ಆಗಬೇಕು. ಇದಕ್ಕೆ ಮಾದರಿ ಬೇಕಿದ್ದರೆ ಲಂಡನ್ನಿನ ಪುಸ್ತಕ ವ್ಯಾಪಾರಿ ಜಾರ್ಜ್ ಥಾಮಸನ್‌ನನ್ನು ನೋಡಬೇಕು. 1640ರಿಂದ 1661ರವರೆಗೆ ಬೀದಿಗೆ ಬಂದ ಕರಪತ್ರ, ಬಿಡಿ ಹಾಳೆಗಳನ್ನು ಅವನು ಸುಮಾರು 22,000ದಷ್ಟು ಕೂಡಿಹಾಕಿದ. ಬಹಳಷ್ಟರ ಮೇಲೆ ಅದು ತನ್ನ ಕೈಸೇರಿದ ತಾರೀಖನ್ನು ಬರೆದಿಟ್ಟ. ಇಂದು ಆ ಕಾಲದ ಚರಿತ್ರೆ ಬರೆಯುವವರಿಗೆ ಅಚ್ಚಾದ ಮಾತಿನಷ್ಟೇ ಅವನ ಕೈಬರಹದ ಆ ತಾರೀಖೂ ಬೇಕು. ನಾವು ಮಾತ್ರ ಹಾಳೆಯ ಮೇಲೆ ಶಾಯಿಯಲ್ಲಿ ಬರೆಯಬಾರದು. ಮೆತ್ತನೆಯ ಪೆನ್ಸಿಲಿನಲ್ಲಿ ಬೆನ್ನಿನ ಮೂಲೆಯಲ್ಲಿ ಒಂದು ಸಣ್ಣ ಕ್ರಮಸಂಖ್ಯೆ ಹಾಕಿ, ಉಳಿದುದನ್ನೆಲ್ಲ ದಾಖಲೆ ಪುಸ್ತಕದಲ್ಲಿ ಬರೆಯಬೇಕು.

ಬರೆಯಬೇಕಾದುವು ಇಷ್ಟು. ಶೀರ್ಷಿಕೆ ಮತ್ತು ಪದ್ಯದ ಮೊದಲ ಸಾಲು, ಹಾಳೆಯಲ್ಲಿರುವ ಕಾಗುಣಿತದಲ್ಲಿಯೇ. ಏಕೆಂದರೆ ಒಂದೇ ಹಾಡಿಗೆ ಹಲವು ಶೀರ್ಷಿಕೆಗಳಿರುತ್ತವೆ, ಮೊದಲ ಸಾಲು ಅಷ್ಟು ಬೇಗ ಬದಲಾಗುವುದಿಲ್ಲ. ಸಂದರ್ಭ, ದಿನ, ಊರು, ಹೆಸರಿಸಿದ ವ್ಯಕ್ತಿಗಳು. ಕವಿಯ ಹೆಸರು ಅಥವಾ ಅವನು ಹಾಕಿಕೊಂಡ ಸಂಕ್ಷಿಪ್ತಾಕ್ಷರ. ಮುದ್ರಕ, ಅವನ ವಿಳಾಸ. ಉದ್ದಗಲ ಮಿಲಿಮೀಟರಿನಲ್ಲಿ. ಕಾಗದದ ಬಗೆ, ನೀರುಗುರುತು ಇದ್ದರೆ ಅದರ ಆಕಾರ. ಯಾರಿಂದ ಕೊಂಡದ್ದು, ಯಾವಾಗ, ಎಷ್ಟಕ್ಕೆ, ಜೊತೆಗೆ ಯಾವ ಕಾಗದಗಳಿದ್ದವು. ಹಿಂದಿನ ಒಡೆಯರು ಬರೆದ ಗುರುತುಗಳು, ಅವು ಎಷ್ಟೇ ಅಸಂಬದ್ಧವೆನಿಸಿದರೂ ಬಿಡಬೇಡಿ. ಮದುವೆಯ ಪದ್ಯದ ಬೆನ್ನಿನ ಮೇಲೆ ಗೀಚಿದ ಸಂಬಂಧಿಕರ ಹೆಸರುಗಳು, ಊಟದ ಲೆಕ್ಕ, ಮಗುವಿನ ಅಕ್ಷರಾಭ್ಯಾಸ ಇವೆಲ್ಲ ಹಾಳೆ ಯಾವ ಮನೆಯಲ್ಲಿತ್ತೆಂದು ಹೇಳುತ್ತವೆ. ಹೆಸರಿಸಿದ ವ್ಯಕ್ತಿಗಳನ್ನು ಆ ಊರಿನ ಚರ್ಚಿನ ವಿವಾಹ, ಮರಣ ದಾಖಲೆಗಳೊಂದಿಗೆ ಹೋಲಿಸಿ ನೋಡಿದರೆ ತಾರೀಖು ಸಾಮಾನ್ಯವಾಗಿ ಖಚಿತವಾಗುತ್ತದೆ.

ಹಾಡಿನ ಹಾಳೆಯಾದರೆ ಧಾಟಿಯನ್ನು ಮರೆಯದೆ ಬರೆದುಕೊಳ್ಳಬೇಕು. ಬೀದಿ ಹಾಳೆಗಳಲ್ಲಿ ಸ್ವರಲಿಪಿ ಇರುವುದು ಅಪರೂಪ, ಇಂಥ ಹಾಡಿನ ಧಾಟಿ ಎಂಬ ಒಂದು ಸಾಲಷ್ಟೇ ಇರುತ್ತದೆ. ಕೊಂಡವರಿಗೆ ಆ ಧಾಟಿ ಬಾಯಿಗೆ ಬರುತ್ತಿತ್ತು. ಧಾಟಿಯ ಆಯ್ಕೆಯಲ್ಲಿಯೇ ಅರ್ಥವಿರುತ್ತಿದ್ದುದೂ ಉಂಟು: 'ಫಾರ್ಚ್ಯೂನ್ ಮೈ ಫೋ' ಎಂಬ ಇಂಗ್ಲಿಷ್ ಧಾಟಿ ಗಲ್ಲಿಗೇರುವವರ ಹಾಡುಗಳಿಗೆ ಎಷ್ಟು ಬಳಕೆಯಾಯಿತೆಂದರೆ, ಆ ಹೆಸರು ಕಂಡೊಡನೆ ಓದುಗನಿಗೆ ಕಥೆಯ ಕೊನೆ ತಿಳಿದುಹೋಗುತ್ತಿತ್ತು. ಇಂಗ್ಲಿಷ್ ಹಾಡುಗಳಿಗೆ ಸ್ಟೀವ್ ರೌಡ್ ಸಿದ್ಧಪಡಿಸಿದ ಸೂಚಿಯ ಸಂಖ್ಯೆಯನ್ನು ಸೇರಿಸಿಕೊಂಡರೆ ಅದೇ ಹಾಡಿನ ಬೇರೆ ಪಾಠಗಳನ್ನು ಹುಡುಕುವುದು ಸುಲಭ. ಲಂಡನ್ನಿನ ವಾನ್ ವಿಲಿಯಮ್ಸ್ ಸ್ಮಾರಕ ಗ್ರಂಥಾಲಯದ ಜಾಲತಾಣದಲ್ಲಿ ಅದು ಉಚಿತವಾಗಿ ಸಿಗುತ್ತದೆ.

ಕಾಪಾಡುವುದು

ಹಾಳೆಗೆ ಸಂಗ್ರಾಹಕನಿಂದ ಆಗುವ ಹಾನಿ ಕಾಲದಿಂದ ಆಗುವುದಕ್ಕಿಂತ ಕಡಿಮೆಯೇನಲ್ಲ. 17ನೆಯ ಶತಮಾನದ ಇಂಗ್ಲಿಷ್ ದಿನಚರಿಕಾರ ಸ್ಯಾಮ್ಯುಯೆಲ್ ಪೀಪ್ಸ್ 1,800ಕ್ಕೂ ಹೆಚ್ಚು ಹಾಡಿನ ಹಾಳೆಗಳನ್ನು ಐದು ಸಂಪುಟಗಳಲ್ಲಿ ವಿಷಯವಾರು ಜೋಡಿಸಿ ಉಳಿಸಿದ, ಅವು ಇಂದಿಗೂ ಕೇಂಬ್ರಿಜ್‌ನ ಮಾಡ್ಲಿನ್ ಕಾಲೇಜಿನಲ್ಲಿ ಸುರಕ್ಷಿತವಾಗಿವೆ. ಆದರೆ ಸಂಪುಟದ ಅಳತೆಗೆ ಹೊಂದಿಸಲು ಹಾಳೆಗಳನ್ನು ಕತ್ತರಿಸಿ ಅಂಟಿಸಿದ. ಅವನ ಜೋಡಣೆಯನ್ನು ಅನುಸರಿಸಿ, ಕತ್ತರಿಯನ್ನು ಅನುಸರಿಸಬೇಡಿ.

ಸೆಲ್ಲೋಟೇಪು ಮುಟ್ಟಬೇಡಿ. ಅದರ ಅಂಟು ಕಾಲಾಂತರದಲ್ಲಿ ಹಳದಿಯಾಗಿ ಕಾಗದದೊಳಕ್ಕೆ ಇಳಿದುಬಿಡುತ್ತದೆ, ಆಮೇಲೆ ಪರಿಣತರಿಂದಲೂ ಪೂರ್ತಿ ತೆಗೆಯಲಾಗದು. ಲ್ಯಾಮಿನೇಷನ್ ಅದಕ್ಕಿಂತ ಕೆಟ್ಟದ್ದು. ಹರಿದ ಹಾಳೆಯನ್ನು ಹರಿದಂತೆಯೇ ಬಿಟ್ಟು, ಆಮ್ಲರಹಿತ ಕಾಗದದ ಮಡಿಕೆಯಲ್ಲಿ ಇಟ್ಟು, ಅದನ್ನು ಅದೇ ಬಗೆಯ ಗಟ್ಟಿ ಪೆಟ್ಟಿಗೆಯಲ್ಲಿ ಮಲಗಿಸಿಡುವುದೇ ಸಾಕಾದಷ್ಟು ರಕ್ಷಣೆ. ಆಗಾಗ ತೆಗೆದು ತೋರಿಸಬೇಕಾದ ಹಾಳೆಗೆ ಪಾಲಿಯೆಸ್ಟರಿನ ಪಾರದರ್ಶಕ ಲಕೋಟೆ ಒಳ್ಳೆಯದು. ಪಿವಿಸಿ ಲಕೋಟೆ ಆಮ್ಲ ಬಿಡುವುದರಿಂದ ಕೂಡದು. ಮಡಿಸಿ ಬಂದ ಹಾಳೆಯನ್ನು ಬಲವಂತವಾಗಿ ಬಿಡಿಸಬೇಡಿ, ಮಡಿಕೆಯನ್ನು ಇಸ್ತ್ರಿ ಮಾಡುವ ಯೋಚನೆಯನ್ನಂತೂ ಬಿಟ್ಟುಬಿಡಿ.

ರೇಷ್ಮೆಯ ಮೇಲೆ ಅಚ್ಚಾದ ಪದ್ಯಕ್ಕೆ ನಿಯಮ ಬೇರೆ. ಆಮ್ಲರಹಿತವೆಂದು ಮಾರುವ ಅನೇಕ ಕಾಗದಗಳಲ್ಲಿ ಆಮ್ಲವನ್ನು ತಡೆಯಲು ಕ್ಷಾರವನ್ನು ಸೇರಿಸಿರುತ್ತಾರೆ. ಸಾಮಾನ್ಯ ಕಾಗದಕ್ಕೆ ಅದು ಹಿತ, ಪ್ರೋಟೀನಿನ ನಾರಾದ ರೇಷ್ಮೆಗೆ ಹಿತವಲ್ಲ. ಕ್ಷಾರ ಸೇರಿಸದ ತೆಳುಕಾಗದವನ್ನೇ ಕೇಳಿ ಪಡೆಯಿರಿ, ರೇಷ್ಮೆಯನ್ನು ಮಡಿಸದೆ ಹಾಸಿಡಿ.

ಇಡುವ ಕೋಣೆ ತಂಪಾಗಿ, ಒಣದಾಗಿ, ಎಲ್ಲಕ್ಕಿಂತ ಹೆಚ್ಚಾಗಿ ಒಂದೇ ಸ್ಥಿತಿಯಲ್ಲಿರಬೇಕು. ಉಷ್ಣಾಂಶ 20 ಡಿಗ್ರಿ ಸೆಲ್ಸಿಯಸ್ ಸುತ್ತಮುತ್ತ, ಗಾಳಿಯ ತೇವ ಶೇಕಡಾ 35ರಿಂದ 50ರೊಳಗೆ ಇದ್ದರೆ ಒಳ್ಳೆಯದು. ಅಷ್ಟು ಸಾಧ್ಯವಾಗದ ಹವೆಯಲ್ಲಿ ಹೊರಗೋಡೆ, ಅಟ್ಟ, ನೆಲಮಾಳಿಗೆಗಳನ್ನು ತಪ್ಪಿಸಿ ಮನೆಯ ನಡುಭಾಗದ ಕಪಾಟನ್ನು ಆರಿಸಿಕೊಳ್ಳಿ. ಗೋಡೆಗೆ ತೂಗುಹಾಕಲು ಆಸೆಯಾಗುವುದು ಸಹಜ. ಬೆಳಕಿನ ಹಾನಿ ಒಮ್ಮೆ ಆದರೆ ಆಯಿತು, ಮರಳಿ ಸರಿಯಾಗದು, ಬಣ್ಣದ ಕಾಗದದ ಹಾಳೆಗಳಂತೂ ಬೇಗ ಬಿಳಿಚುತ್ತವೆ. ವಸ್ತುಸಂಗ್ರಹಾಲಯಗಳೇ ಇಂಥವನ್ನು 50 ಲಕ್ಸ್‌ನಷ್ಟು (ಲಕ್ಸ್ ಬೆಳಕನ್ನು ಅಳೆಯುವ ಮಾನ) ಮಂದ ಬೆಳಕಿನಲ್ಲಿ, ಅದೂ ಕೆಲವು ತಿಂಗಳ ಮಟ್ಟಿಗೆ ಪ್ರದರ್ಶಿಸುತ್ತವೆ. ಒಳ್ಳೆಯ ಸ್ಕ್ಯಾನ್ ಪ್ರತಿಯೊಂದನ್ನು ಚೌಕಟ್ಟಿಗೆ ಹಾಕಿಸಿದರೆ ಗೋಡೆಯೂ ತುಂಬುತ್ತದೆ, ಹಾಳೆಯೂ ಉಳಿಯುತ್ತದೆ. ಸ್ಕ್ಯಾನ್ ಮಾಡುವಾಗ ಬೆನ್ನಿನ ಮಗ್ಗುಲನ್ನೂ, ಅಂಚುಗಳೆಲ್ಲ ಕಾಣುವಂತೆ ಇಡೀ ಹಾಳೆಯನ್ನೂ, ಪಕ್ಕದಲ್ಲಿ ಅಳತೆಪಟ್ಟಿ ಇಟ್ಟು ತೆಗೆಯಿರಿ.

ಸಂಗ್ರಹದ ಮುಂದಿನ ದಾರಿ

ಸಂಗ್ರಹ ಒಂದು ಆಕಾರಕ್ಕೆ ಬಂದ ಮೇಲೆ, ಅದು ಮುಂದೆ ಎಲ್ಲಿಗೆ ಹೋಗಬೇಕೆಂಬುದನ್ನು ಬರೆದಿಡುವುದು ಕೊನೆಯ ಹೆಜ್ಜೆ. ಅಮೆರಿಕದ ಮುದ್ರಕ ಐಸಾಯ ಥಾಮಸ್ ಬಾಸ್ಟನ್ನಿನ ಮುದ್ರಕನೊಬ್ಬನಿಂದ ಆಗ ಚಲಾವಣೆಯಲ್ಲಿದ್ದ 300ಕ್ಕೂ ಹೆಚ್ಚು ಹಾಡಿನ ಹಾಳೆಗಳನ್ನು ಕೊಂಡು, 1814ರಲ್ಲಿ ಮೂರು ಸಂಪುಟಗಳಾಗಿ ಬೈಂಡು ಮಾಡಿಸಿ, ತಾನೇ 1812ರಲ್ಲಿ ಸ್ಥಾಪಿಸಿದ್ದ ಅಮೆರಿಕನ್ ಆಂಟಿಕ್ವೇರಿಯನ್ ಸೊಸೈಟಿಗೆ ಒಪ್ಪಿಸಿದ. ಅವನು ಕೊಂಡಾಗ ಅವು ಹಳೆಯವೂ ಅಲ್ಲ, ಅಪರೂಪದವೂ ಅಲ್ಲ. ಆದ್ದರಿಂದ ಇಂದು ನಿಮ್ಮ ಕೈಗೆ ಬರುವ ಸಂದರ್ಭದ ಹಾಡಿನ ಹಾಳೆಯನ್ನೂ, ಅದು ಕಂಪ್ಯೂಟರಿನಲ್ಲಿ ಜೋಡಿಸಿದ್ದೇ ಆಗಿದ್ದರೂ, ತಾರೀಖು ಹಾಕಿ ಅದೇ ಪೆಟ್ಟಿಗೆಗೆ ಸೇರಿಸಬಹುದು. ಒಂದೇ ಹಾಳೆಯ ಎರಡು ಪ್ರತಿಗಳಿದ್ದರೆ ಮಾರುವ ಮುನ್ನ ಎರಡನ್ನೂ ಸಾಲುಸಾಲಾಗಿ ಹೋಲಿಸಿ. ಅಚ್ಚು ನಡೆಯುತ್ತಿರುವಾಗಲೇ ತಿದ್ದಿದ ಹೆಸರು, ಬದಲಿಸಿದ ಚಿತ್ರ ಸಿಕ್ಕರೆ ಅವು ಎರಡು ಬೇರೆ ಹಾಳೆಗಳೇ. ಉಯಿಲಿನಲ್ಲಿ ಸಂಗ್ರಹವನ್ನು ಗ್ರಂಥಾಲಯಕ್ಕೆ ಬರೆಯುವುದಾದರೆ ಅವರೊಂದಿಗೆ ಮೊದಲೇ ಮಾತಾಡಿ, ಒಟ್ಟಿಗೇ ಇಟ್ಟುಕೊಳ್ಳುತ್ತಾರೆಯೇ ಎಂಬುದನ್ನು ಪತ್ರದಲ್ಲಿ ಪಡೆದುಕೊಳ್ಳಿ. ದಾಖಲೆ ಪುಸ್ತಕ ಕಂಪ್ಯೂಟರಿನಲ್ಲಿದ್ದರೆ ವರ್ಷಕ್ಕೊಮ್ಮೆ ಅದನ್ನು ಆಮ್ಲರಹಿತ ಕಾಗದದಲ್ಲಿ ಮುದ್ರಿಸಿ, ಹಾಳೆಗಳಿರುವ ಪೆಟ್ಟಿಗೆಯಲ್ಲಿಯೇ ಒಂದು ಪ್ರತಿ, ಬೇರೆ ಮನೆಯಲ್ಲಿ ಇನ್ನೊಂದು ಪ್ರತಿ ಇಡಬೇಕು.